ಡಿಸ್ಕ್ ಕೂಗುತ್ತಿದೆ, ಕಿವಿಗೊಡಿ!

ಕಾರು ನಿಧಾನವಾಗುವಾಗ ಕಿವಿ ಕೊರೆಯುವ ಆ ‘ಕೀಂ...’ ಸದ್ದು ಬ್ರೇಕ್ ಪ್ಯಾಡಿನದು ಎಂಬುದು ನಮ್ಮಲ್ಲಿ ಹೆಚ್ಚಿನವರ ನಂಬಿಕೆ. ನಿಜ ತಿಳಿದರೆ ಮೈ ಜುಮ್ಮೆನ್ನುತ್ತದೆ! ಮುಖ್ಯವಾಗಿ ಕೂಗುವುದು ಡಿಸ್ಕ್. ಅಷ್ಟು ಗಟ್ಟಿಯಾದ ಬೀಡುಕಬ್ಬಿಣದ ಬಿಲ್ಲೆ ಸೆಕೆಂಡಿಗೆ ಸಾವಿರಾರು ಸಲ ಅತ್ತಿತ್ತ ಬಾಗುತ್ತದೆ. ಬಾಗುವುದು ಕಣ್ಣಿಗೆ ಕಾಣದಷ್ಟು. ಅಷ್ಟಕ್ಕೇ ಇಡೀ ಬೀದಿ ತಿರುಗಿ ನೋಡುತ್ತದೆ!

ಪಿಟೀಲಿನ ಕಮಾನು ತಂತಿಯನ್ನು ಹಿಡಿದು ಬಿಟ್ಟು, ಹಿಡಿದು ಬಿಟ್ಟು ನಾದ ಎಬ್ಬಿಸುವಂತೆ ಪ್ಯಾಡು ಡಿಸ್ಕನ್ನು ನುಡಿಸುತ್ತದೆ. ಈ ಕೂಗು ಸುಮಾರು 1,000ದಿಂದ 15,000 ಹರ್ಟ್ಸ್‌ವರೆಗೆ ಇರಬಲ್ಲದು. ನಮ್ಮ ಕಿವಿ ಅತ್ಯಂತ ಚುರುಕಾಗಿರುವುದು 2,000ದಿಂದ 5,000 ಹರ್ಟ್ಸ್ ನಡುವೆ. ಆದ್ದರಿಂದಲೇ ಇಷ್ಟು ಸಣ್ಣ ಕಂಪನ ಅಷ್ಟು ಚುಚ್ಚುತ್ತದೆ.

ಇದು ಇಂದು ನಿನ್ನೆಯ ತೊಂದರೆಯಲ್ಲ. ಇಂಗ್ಲೆಂಡಿನ ಫ್ರೆಡೆರಿಕ್ ಲ್ಯಾಂಚೆಸ್ಟರ್ 1902ರಲ್ಲಿ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದಾಗ ಹಾಕಿದ್ದು ತಾಮ್ರದ ಪ್ಯಾಡು. ಅದರ ಚೀರಾಟ ತಡೆಯಲಾಗದಂತಿತ್ತು. 1907ರಲ್ಲಿ ಇಂಗ್ಲೆಂಡಿನವರೇ ಆದ ಹರ್ಬರ್ಟ್ ಫ್ರೂಡ್ ಕಲ್ನಾರಿನ (ಆಸ್ಬೆಸ್ಟಾಸ್) ಲೈನಿಂಗ್ ಸೂಚಿಸಿ ಅದನ್ನು ಅಡಗಿಸಿದರು. ಕಲ್ನಾರು ಶ್ವಾಸಕೋಶಕ್ಕೆ ಮಾರಕವೆಂದು ತಿಳಿದ ಮೇಲೆ ಅನೇಕ ದೇಶಗಳಲ್ಲಿ ಅದೂ ಹೋಯಿತು. ಕೂಗಿನ ಒಗಟು ಮಾತ್ರ ಉಳಿದೇ ಇದೆ. ಹೊಸ ಕಾರಿನ ಯಾವ ಬ್ರೇಕ್ ಕೂಗುತ್ತದೆ ಎಂದು ಖಚಿತವಾಗಿ ಮೊದಲೇ ಹೇಳುವುದು ಎಂಜಿನಿಯರ್‌ಗಳಿಗೆ ಇಂದಿಗೂ ಕಷ್ಟ!

ಇದಕ್ಕಿಂತ ದೊಡ್ಡ ಸೋಜಿಗ ಇನ್ನೊಂದಿದೆ. ಒಂದು ಕೂಗನ್ನು ಅಡಗಿಸಲು ಒದ್ದಾಡಿದ ಅದೇ ಎಂಜಿನಿಯರ್‌ಗಳು ಇನ್ನೊಂದು ಕೂಗನ್ನು ಬೇಕೆಂದೇ ಒಳಗಿಟ್ಟಿದ್ದಾರೆ! ಅನೇಕ ಪ್ಯಾಡುಗಳ ಬೆನ್ನಿಗೆ ಉಕ್ಕಿನ ಪುಟ್ಟ ಪಟ್ಟಿಯೊಂದು ಇರುತ್ತದೆ. ಪ್ಯಾಡು ಎರಡು ಮೂರು ಮಿಲಿಮೀಟರಿಗೆ ಸವೆದಾಗ ಆ ಪಟ್ಟಿ ಡಿಸ್ಕಿಗೆ ತಾಗಿ ಕೀರಲು ದನಿ ತೆಗೆಯುತ್ತದೆ. ಪ್ಯಾಡು ಬದಲಿಸು ಎಂದು ಕಾರೇ ಕೂಗಿ ಹೇಳುವ ಏರ್ಪಾಡು ಇದು.

ಹಾಗಾದರೆ ಯಾವ ಕೂಗು ಯಾವುದು? ಕನ್ನಡ, ತೆಲುಗು, ಉರ್ದು ಬೆರೆತ ನಮ್ಮ ತೆಲಂಗಾಣದ ಗಡಿಸೀಮೆಯ ದಾರಿಗಳಲ್ಲೇ ಉತ್ತರವಿದೆ. ನಾರಾಯಣಖೇಡದಲ್ಲಿ ಮಳೆ ಸುರಿದ ರಾತ್ರಿಯ ಮರುದಿನ, ಮೊದಲ ನಾಲ್ಕೈದು ಬ್ರೇಕಿಗೆ ಸದ್ದಾಗಿ ತಾನೇ ನಿಂತರೆ ಅದು ಡಿಸ್ಕಿನ ಮೇಲೆ ಕೂತ ತೆಳು ತುಕ್ಕು. ಉಜ್ಜಿ ಹೋಗುತ್ತದೆ, ಹೆದರಬೇಡಿ. ತಾಂಡೂರಿನ ಕಲ್ಲುಗಣಿಗಳ ದಾರಿಯಲ್ಲಿ ಬಂದ ಮೇಲೆ, ಬ್ರೇಕ್ ಒತ್ತದಿದ್ದರೂ ‘ಕರಕರ’ ಎಂದರೆ ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಕಲ್ಲಿನ ಚೂರು ಸಿಕ್ಕಿರಬಹುದು. ಕಾರನ್ನು ತುಸು ಹಿಂದಕ್ಕೆ ಓಡಿಸಿದರೆ ಎಷ್ಟೋ ಸಲ ಉದುರಿಬಿಡುತ್ತದೆ! ಟ್ರ್ಯಾಕ್ಟರ್ ಕಾರ್ಖಾನೆಯ ಊರು ಜಹೀರಾಬಾದಿನಲ್ಲಿ 65ನೇ ರಾಷ್ಟ್ರೀಯ ಹೆದ್ದಾರಿ ಬಿಟ್ಟು ಪೇಟೆಯ ಸಂದಣಿಗೆ ಇಳಿದಾಗ, ಹಗುರವಾಗಿ ಬ್ರೇಕ್ ತುಳಿದಾಗಲೆಲ್ಲ ಕೂಗಿದರೆ ಪ್ಯಾಡಿನ ಮುಖ ಕಾದು ಗಾಜಿನಂತೆ ನುಣುಪಾಗಿರಬಹುದು. ಇಲ್ಲವೇ ಪ್ಯಾಡಿನ ಬೆನ್ನಿಗಿರುವ, ಕಂಪನ ತಗ್ಗಿಸುವ ತೆಳು ತಗಡು, ಅಂದರೆ ಶಿಮ್, ಸಡಿಲವಾಗಿ ಗ್ರೀಸ್ ಒಣಗಿರಬಹುದು.

ಚಕ್ರ ಬಿಚ್ಚಿಸಿದಾಗ ಒಳಗಿನ ಪ್ಯಾಡು, ಹೊರಗಿನ ಪ್ಯಾಡು ಎರಡರ ದಪ್ಪವನ್ನೂ ಹೋಲಿಸಿ. ಒಂದೇ ಹೆಚ್ಚು ಸವೆದಿದ್ದರೆ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಸಲೀಸಾಗಿ ಆಡುತ್ತಿಲ್ಲ. ಅದರ ಪಿನ್ನು ಬಿಗಿದುಕೊಂಡಿರಬಹುದು. ಒಂದು ಚಕ್ರ ಮಾತ್ರ ವಿಪರೀತ ಕಾಯುವುದು, ಕಾರು ಒಂದು ಬದಿಗೆ ಎಳೆಯುವುದು ಇದರದೇ ಗುರುತು. ಬ್ರೇಕಿಗೆಂದೇ ಮಾಡಿದ, ಶಾಖ ತಡೆಯುವ ಗ್ರೀಸನ್ನು ಪ್ಯಾಡಿನ ಬೆನ್ನಿಗೆ, ಪಿನ್ನಿಗೆ ಮಾತ್ರ ಹಚ್ಚಿಸಿ. ಸದ್ದು ನಿಲ್ಲಲೆಂದು ಪ್ಯಾಡಿನ ಮುಖಕ್ಕೋ ಡಿಸ್ಕಿಗೋ ಎಣ್ಣೆ ಸವರಿದರೆ ಬ್ರೇಕೇ ಹಿಡಿಯದು. ಧೂಳನ್ನು ಬಾಯಿಂದ ಊದಬೇಡಿ, ಬ್ರೇಕ್ ಕ್ಲೀನರ್‌ನಿಂದ ತೊಳೆಸಿ.

ಇಷ್ಟೆಲ್ಲ ಸದ್ದುಗಳಲ್ಲಿ ಎರಡನ್ನು ಮಾತ್ರ ಎಂದೂ ಕಡೆಗಣಿಸಬೇಡಿ. ಬಿಸಿಲಿದ್ದರೂ ಮಳೆಯಿದ್ದರೂ ನಿಲ್ಲದ ಕೀರಲು ದನಿ ಕೇಳಿದರೆ ಆ ವಾರವೇ ಪ್ಯಾಡು ನೋಡಿಸಿ. ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ‘ಗರಗರ’ ಕೇಳಿಸಿತೋ, ಕಾರನ್ನು ಅಲ್ಲೇ ಪಕ್ಕಕ್ಕೆ ನಿಲ್ಲಿಸಿ ಮೆಕ್ಯಾನಿಕ್‌ನನ್ನು ಕರೆಸಿ.