ಟಿಕ್ ಹಾಕುವ ಪರೀಕ್ಷೆ ಅಷ್ಟು ಸುಲಭವೇ?

"ನಾಲ್ಕರಲ್ಲಿ ಒಂದಕ್ಕೆ ಟಿಕ್ ಹಾಕಿದ್ರೆ ಆಯ್ತು, ಬರೆಯೋ ತಾಪತ್ರಯ ಇಲ್ಲ." ಬಹು ಆಯ್ಕೆ ಪರೀಕ್ಷೆ ಎಂದರೆ ಕಾಲೇಜು, ವಿವಿ ವಿದ್ಯಾರ್ಥಿಗಳಲ್ಲಿ ಅನೇಕರ ಮಾತು ಇದೇ. ಅದರಲ್ಲಿ ಸತ್ಯವೂ ಇದೆ. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್ ಎಂದು ಬೆಳೆದ ಮಕ್ಕಳಿಗೆ ವಿಷಯ ಗೊತ್ತಿದ್ದರೂ ಪುಟಗಟ್ಟಲೆ ಬರೆಯುವುದು ಕಷ್ಟ. ಇಲ್ಲಿ ಕೈಬರಹ ಚೆನ್ನಾಗಿಲ್ಲವೆಂದು ಅಂಕ ಕಳೆಯುವವರಿಲ್ಲ.

ಆದರೆ ಅರ್ಧ ಗೊತ್ತಿದ್ದವರಿಗೆ ಇಲ್ಲಿ ಅರ್ಧ ಅಂಕವೂ ಇಲ್ಲ. ಯುಜಿಸಿ ನೆಟ್ ನೋಡಿ: ಮೂರು ಗಂಟೆ, 150 ಪ್ರಶ್ನೆ, 300 ಅಂಕ. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ, ಹಾಗಾಗಿ ಒಂದನ್ನೂ ಬಿಟ್ಟು ಬರಬಾರದು. ಹಾಗೆಂದು ಊಹೆಯನ್ನೇ ನಂಬಿದರೆ? ಕಣ್ಣು ಮುಚ್ಚಿ ಗುರುತು ಹಾಕಿದರೆ ನೂರಕ್ಕೆ ಸರಾಸರಿ 25 ಸರಿಯಾಗಬಹುದು. ಸಾಮಾನ್ಯ ವರ್ಗದವರಿಗೆ ಕನಿಷ್ಠ ಶೇ. 40 ಬೇಕು.

ನೆಟ್ ಪಾಸಾದವರು ನಾಳೆ ಉಪನ್ಯಾಸಕರಾಗಿ ತರಗತಿಯಲ್ಲಿ ನಿಲ್ಲುವವರು. ಅಲ್ಲಿ ಮಕ್ಕಳು ನಾಲ್ಕು ಆಯ್ಕೆ ಕೊಟ್ಟು ಪ್ರಶ್ನೆ ಕೇಳುವುದಿಲ್ಲ. ಆದ್ದರಿಂದ ಓದುವಾಗ ಸರಿಯುತ್ತರ ಗುರುತಿಸಿ ಅಲ್ಲಿಗೇ ನಿಲ್ಲಿಸಬೇಡಿ. ಉಳಿದ ಮೂರು ಯಾಕೆ ತಪ್ಪು ಎಂದು ಎರಡು ಸಾಲು ಬರೆಯಿರಿ. ಬರೆಯಲು ಬೇಸರವಾದರೆ ಮನೆಯಲ್ಲಿ ಉಮ್ಮನಿಗೆ ಬ್ಯಾರಿಯಲ್ಲೇ ಹೇಳಿ. ಅವರಿಗೆ ಅರ್ಥವಾಯಿತೆಂದರೆ ನೀವು ಕಲಿತ ಹಾಗೆ.