ಮಕ್ಕಳ ಪಾಲಿನ ಹಣ: ತಲುಪಿಸುವವರಿಗೂ ಬೇಕು ತರಬೇತಿ

ಬಜೆಟ್ ಮಂಡನೆಯಾದ ಮರುದಿನ ಮಹಿಳೆಯರು ಮತ್ತು ಮಕ್ಕಳಿಗಾಗಿ ಎಷ್ಟು ಕೋಟಿ ಮೀಸಲಾಯಿತು ಎಂಬ ಲೆಕ್ಕ ಪತ್ರಿಕೆಗಳಲ್ಲಿ ಬರುತ್ತದೆ. ಹಂಚಿಕೆ ಹೆಚ್ಚಿತೇ, ಕುಗ್ಗಿತೇ ಎಂಬ ಚರ್ಚೆ ಒಂದೆರಡು ದಿನ ನಡೆಯುತ್ತದೆ. ಆದರೆ ಆ ಹಣ ಒಂದು ಕುಟುಂಬದ ಬ್ಯಾಂಕ್ ಖಾತೆಗೆ ಸೇರಬೇಕಾದರೆ ಯಾರೋ ಒಬ್ಬರು ಅರ್ಜಿ ತುಂಬಬೇಕು, ಐದಾರು ದಾಖಲೆಗಳನ್ನು ಹೊಂದಿಸಬೇಕು, ಅರ್ಜಿ ತಿರಸ್ಕೃತವಾದರೆ ಕಾರಣ ತಿಳಿದು ಮತ್ತೆ ಸಲ್ಲಿಸಬೇಕು. ಈ ಕೆಲಸ ಯಾರದು, ಅದನ್ನು ಅವರಿಗೆ ಕಲಿಸಿದವರು ಯಾರು ಎಂಬ ಪ್ರಶ್ನೆ ಮಾತ್ರ ಚರ್ಚೆಯಲ್ಲಿ ಏಳುವುದಿಲ್ಲ. ಮಕ್ಕಳ ಪಾಲನೆಗೆಂದು ಸರ್ಕಾರ ಕೊಡುವ ನೆರವಿನ ಸಾಫಲ್ಯ ಬಹುಮಟ್ಟಿಗೆ ಈ ಪ್ರಶ್ನೆಯ ಉತ್ತರವನ್ನೇ ಅವಲಂಬಿಸಿದೆ ಎಂಬುದು ಆಡಳಿತದಲ್ಲಿ ಹಲವು ವರ್ಷ ಕಳೆದ ನನ್ನ ದೃಢ ಅಭಿಪ್ರಾಯ.

ಮೊದಲಿಗೆ, ಇರುವ ನೆರವು ಏನು ಎಂಬುದನ್ನು ನೋಡೋಣ. ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಡಿ ಮೊದಲ ಮಗುವಿಗೆ ಎರಡು ಕಂತುಗಳಲ್ಲಿ 5,000 ರೂಪಾಯಿ, ಎರಡನೆಯದು ಹೆಣ್ಣುಮಗುವಾದರೆ 6,000 ರೂಪಾಯಿ ದೊರೆಯುತ್ತದೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಯೋಜನೆಗಳಲ್ಲಿ ‘ತಾಯಿ ಮಗು ಸಹಾಯಹಸ್ತ’ ಒಂದು. ನೋಂದಾಯಿತ ಮಹಿಳಾ ಕಾರ್ಮಿಕರ ಮಗುವಿಗೆ ಮೂರು ವರ್ಷ ತುಂಬುವವರೆಗೆ ವರ್ಷಕ್ಕೆ 6,000 ರೂಪಾಯಿ ನೀಡುವುದು ಅದರ ಉದ್ದೇಶ. ದುಡಿಯುವ ತಾಯಂದಿರ ಮಕ್ಕಳಿಗಾಗಿ ಇದ್ದ ರಾಷ್ಟ್ರೀಯ ಶಿಶುಪಾಲನಾ ಯೋಜನೆ 2022ರಿಂದ ‘ಪಾಲ್ನಾ’ ಎಂಬ ಹೆಸರು ಪಡೆದು, ಅಂಗನವಾಡಿಯನ್ನೇ ಶಿಶುಪಾಲನಾ ಕೇಂದ್ರವನ್ನಾಗಿಸುವ ಮಾರ್ಗ ಹಿಡಿದಿದೆ.

ಇವೆಲ್ಲಕ್ಕಿಂತ ದೊಡ್ಡ ಮೊತ್ತದ, ಆದರೆ ಅತಿ ಕಡಿಮೆ ಜನರಿಗೆ ಗೊತ್ತಿರುವ ನೆರವು ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ. ತಂದೆಯನ್ನು ಕಳೆದುಕೊಂಡ, ಪರಿತ್ಯಕ್ತ ತಾಯಿಯ ಆಶ್ರಯದಲ್ಲಿರುವ, ಅಜ್ಜಿಯ ಮನೆಯಲ್ಲಿ ಬೆಳೆಯುತ್ತಿರುವ ಅನಾಥ ಅಥವಾ ಮಾರಕ ಕಾಯಿಲೆಗೆ ತುತ್ತಾದವರ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿ ನೀಡಲು 2022ರ ಮಾರ್ಗಸೂಚಿಯಲ್ಲಿ ಅವಕಾಶವಿದೆ. ಕುಟುಂಬದ ವಾರ್ಷಿಕ ಆದಾಯ ಗ್ರಾಮೀಣ ಪ್ರದೇಶದಲ್ಲಿ 72,000, ಇತರೆಡೆ 96,000 ರೂಪಾಯಿ ಮೀರಿರಬಾರದು. ಲೆಕ್ಕ ಹಾಕಿದರೆ ವರ್ಷಕ್ಕೆ 48,000 ರೂಪಾಯಿ. ಗ್ರಾಮೀಣ ಆದಾಯ ಮಿತಿಯ ಮೂರನೆಯ ಎರಡು ಭಾಗ. ಮಗು ತಾಯಿಯ ಬಳಿ ಉಳಿಯುವುದೋ, ಬಾಲಮಂದಿರ ಸೇರುವುದೋ, ಶಾಲೆ ಬಿಟ್ಟು ಕೂಲಿಗೆ ಹೋಗುವುದೋ ಎಂಬುದನ್ನು ನಿರ್ಧರಿಸಬಲ್ಲ ಮೊತ್ತವಿದು.

ಈ ಹಣ ತಪ್ಪುವುದು ಎಲ್ಲಿ? ಕೆಟ್ಟ ಉದ್ದೇಶದಿಂದ ತಡೆಯುವ ಪ್ರಸಂಗಗಳು ಇಲ್ಲವೆನ್ನಲಾರೆ. ಆದರೆ ಬಹಳಷ್ಟು ಸಂದರ್ಭಗಳಲ್ಲಿ ಕಾರಣ ತೀರಾ ಸಾಮಾನ್ಯವಾದದ್ದು. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದು ವಾಡಿಕೆ. ಗರ್ಭಿಣಿಯ ಹೆಸರು ಗಂಡನ ಊರಿನ ಅಂಗನವಾಡಿಯಲ್ಲಿ ದಾಖಲಾಗುತ್ತದೆ, ತಾಯಿ ಕಾರ್ಡ್ ಅಲ್ಲಿಯ ಆರೋಗ್ಯ ಕೇಂದ್ರದ್ದು. ಹೆರಿಗೆ, ಜನನ ನೋಂದಣಿ, ಮೊದಲ ಸುತ್ತಿನ ಲಸಿಕೆಗಳೆಲ್ಲ ತವರಿನ ತಾಲ್ಲೂಕಿನಲ್ಲಿ. ಎರಡನೆಯ ಕಂತಿಗೆ ಬೇಕಾದ್ದು ಈ ದಾಖಲೆಗಳೇ. ಬಾಣಂತನ ಮುಗಿಸಿ ಆಕೆ ಮರಳುವ ಹೊತ್ತಿಗೆ, ಇದು ತಮ್ಮ ಕೆಲಸವೆಂದು ಎರಡು ಊರಿನ ಕಾರ್ಯಕರ್ತೆಯರಲ್ಲಿ ಯಾರೂ ಭಾವಿಸಿರುವುದಿಲ್ಲ.

ಹೆಸರಿನ ತೊಡಕು ಇನ್ನೊಂದು. ಆಧಾರ್‌ನಲ್ಲಿ ತಂದೆಯ ಹೆಸರು, ಪಡಿತರ ಚೀಟಿಯಲ್ಲಿ ಗಂಡನ ಹೆಸರು, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಬರೀ ಇನಿಷಿಯಲ್. ಮನುಷ್ಯನ ಕಣ್ಣಿಗೆ ಮೂರೂ ಒಬ್ಬಳೇ ಲಕ್ಷ್ಮಮ್ಮ; ಗಣಕಕ್ಕೆ ಮೂವರು ಬೇರೆ ಬೇರೆ ವ್ಯಕ್ತಿಗಳು. ಖಾತೆಯ ವಿಷಯವೂ ಹೀಗೆಯೇ. ಆಧಾರ್ ಆಧಾರಿತ ಪಾವತಿಯಲ್ಲಿ ಹಣ ಸೇರುವುದು ಅರ್ಜಿಯಲ್ಲಿ ಬರೆದ ಖಾತೆಗಲ್ಲ, ಪಾವತಿ ವ್ಯವಸ್ಥೆಯಲ್ಲಿ ಆಧಾರ್ ಸಂಖ್ಯೆಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ. ಎಂದೋ ತೆರೆದು ಮರೆತ ಖಾತೆಗೆ ಹಣ ಬಂದು ಕುಳಿತಿದ್ದರೂ ‘ನನಗೆ ಬಂದಿಲ್ಲ’ ಎಂದು ಅಲೆಯುವ ತಾಯಂದಿರು ಇದ್ದಾರೆ. ಈ ಒಂದು ಸಂಗತಿ ತಿಳಿದವರು ಹತ್ತು ನಿಮಿಷದಲ್ಲಿ ಸಮಸ್ಯೆ ಬಗೆಹರಿಸಬಲ್ಲರು, ತಿಳಿಯದವರು ಆಕೆಯನ್ನು ಆರು ತಿಂಗಳು ಅಲೆಸುತ್ತಾರೆ.

ಪ್ರಾಯೋಜಕತ್ವದ ದಾರಿ ಇನ್ನೂ ಉದ್ದ. ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಅನುಮೋದನಾ ಸಮಿತಿ, ಮಕ್ಕಳ ಕಲ್ಯಾಣ ಸಮಿತಿ ಎಲ್ಲವೂ ಜಿಲ್ಲಾ ಕೇಂದ್ರದಲ್ಲಿ. ಗಂಡನ ಮರಣ ಪತ್ರ, ಆದಾಯ ಪತ್ರ, ಮಗುವಿನ ವಯಸ್ಸಿನ ಪುರಾವೆ, ಶಾಲೆಯ ದೃಢೀಕರಣ, ಬ್ಯಾಂಕ್ ಖಾತೆ ಎಲ್ಲವನ್ನೂ ಒದಗಿಸಬೇಕು. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಬಸ್ ಖರ್ಚು ಉಳಿದಿರಬಹುದು, ಕೂಲಿ ಉಳಿಯುವುದಿಲ್ಲ. ದಿನಗೂಲಿ 400 ರೂಪಾಯಿ ಎಂದಿಟ್ಟುಕೊಂಡರೂ ಆರು ಬಾರಿಯ ಓಡಾಟಕ್ಕೆ 2,400 ರೂಪಾಯಿ ಆಕೆಯ ಕೈಬಿಟ್ಟಂತೆ. ಸಿಗುವುದೋ ಇಲ್ಲವೋ ತಿಳಿಯದ ನೆರವಿಗಾಗಿ ಇಷ್ಟು ಹೂಡಲು ಬಡ ಕುಟುಂಬ ಹಿಂಜರಿದರೆ ಅದನ್ನು ಅಜ್ಞಾನವೆನ್ನಲಾಗದು. ಅದು ಅವರ ಸ್ಥಿತಿಗೆ ತಕ್ಕ ಲೆಕ್ಕಾಚಾರ.

ಅರ್ಥಶಾಸ್ತ್ರದಲ್ಲಿ ಇದರ ಬಗ್ಗೆ ಒಂದು ಹಳೆಯ ವಾದವಿದೆ. ನೆರವು ಪಡೆಯುವ ದಾರಿ ತುಸು ಕಷ್ಟವಾಗಿದ್ದರೆ ನಿಜವಾಗಿ ಅಗತ್ಯವಿರುವವರು ಮಾತ್ರ ಬರುತ್ತಾರೆ, ಉಳಿದವರು ತಾವೇ ದೂರ ಉಳಿಯುತ್ತಾರೆ ಎಂಬ ತರ್ಕವನ್ನು ಆಲ್ಬರ್ಟ್ ನಿಕೋಲ್ಸ್ ಮತ್ತು ರಿಚರ್ಡ್ ಝೆಕ್‌ಹೌಸರ್ 1982ರಲ್ಲಿ ಮುಂದಿಟ್ಟರು. ಸರತಿ ಸಾಲು, ಸುತ್ತಾಟಗಳನ್ನು ಸಮರ್ಥಿಸಿಕೊಳ್ಳಲು ಆಡಳಿತಗಾರರಿಗೆ ಇದು ಅನುಕೂಲಕರ ತರ್ಕ. ಆದರೆ ಅನುಭವ ಬೇರೆಯದನ್ನೇ ಹೇಳುತ್ತದೆ. ಅಮೆರಿಕದಲ್ಲಿ ಸಾಮಾಜಿಕ ಭದ್ರತಾ ಇಲಾಖೆಯ ಸ್ಥಳೀಯ ಕಚೇರಿಗಳು ಮುಚ್ಚಿದಾಗ ಏನಾಯಿತು ಎಂಬುದನ್ನು ಮನಸಿ ದೇಶಪಾಂಡೆ ಮತ್ತು ಯೂ ಲಿ ಅಧ್ಯಯನ ಮಾಡಿ 2019ರಲ್ಲಿ ಪ್ರಕಟಿಸಿದರು. ಸುತ್ತಲಿನ ಪ್ರದೇಶದಲ್ಲಿ ಅಂಗವೈಕಲ್ಯ ನೆರವು ಪಡೆಯುವವರ ಸಂಖ್ಯೆ ಶೇ 16ರಷ್ಟು ಇಳಿಯಿತು. ಹೆಚ್ಚು ಹೊರಬಿದ್ದವರಲ್ಲಿ ಕಡಿಮೆ ಓದಿದವರಿದ್ದರು. ಅಂದರೆ, ಕಷ್ಟದ ದಾರಿ ಜರಡಿಯಂತೆ ಕೆಲಸ ಮಾಡುವುದು ನಿಜ. ಆದರೆ ಉಳಿಯಬೇಕಾದ ಕಾಳೇ ಜಾರಿ ಹೋಗುತ್ತದೆ.

ಮತ್ತೊಂದು ಪ್ರಯೋಗ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಕಾಲೇಜು ಶಿಕ್ಷಣಕ್ಕೆ ಸರ್ಕಾರಿ ನೆರವು ಪಡೆಯುವ ಅರ್ಜಿ ಅಮೆರಿಕದಲ್ಲಿ ಜಟಿಲವೆಂದೇ ಹೆಸರುವಾಸಿ. ತೆರಿಗೆ ವಿವರ ಸಲ್ಲಿಸಲು ಬಂದ ಬಡ ಕುಟುಂಬಗಳಿಗೆ ಅದೇ ಮೇಜಿನಲ್ಲಿ, ತೆರಿಗೆ ಸಲಹೆಗಾರರಿಂದಲೇ ಆ ಅರ್ಜಿಯನ್ನೂ ತುಂಬಿಸುವ ಪ್ರಯೋಗವನ್ನು ಎರಿಕ್ ಬೆಟಿಂಗರ್ ಮತ್ತು ಸಂಗಡಿಗರು ಎಚ್ ಆ್ಯಂಡ್ ಆರ್ ಬ್ಲಾಕ್ ಸಂಸ್ಥೆಯ ಕಚೇರಿಗಳಲ್ಲಿ ನಡೆಸಿದರು. 2012ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಈ ನೆರವು ಪಡೆದ ಕುಟುಂಬಗಳ ವಿದ್ಯಾರ್ಥಿಗಳಲ್ಲಿ ಎರಡು ವರ್ಷದ ಕಾಲೇಜು ಶಿಕ್ಷಣ ಪೂರೈಸಿದವರ ಪ್ರಮಾಣ ಶೇ 28ರಿಂದ ಶೇ 36ಕ್ಕೆ ಏರಿತು. ಇನ್ನೊಂದು ಗುಂಪಿಗೆ ‘ನಿಮಗೆ ಇಷ್ಟು ನೆರವು ಸಿಗಬಹುದು’ ಎಂಬ ಮಾಹಿತಿ ಮಾತ್ರ ಕೊಡಲಾಗಿತ್ತು. ಅವರಲ್ಲಿ ಯಾವ ಬದಲಾವಣೆಯೂ ಕಾಣಲಿಲ್ಲ. ಕರಪತ್ರ, ಜಾಥಾ, ಗೋಡೆಬರಹಗಳಿಗೆ ಹಣ ಸುರಿಯುವ ನಮ್ಮ ಇಲಾಖೆಗಳು ಇದನ್ನು ಗಮನಿಸಬೇಕು.

ನಮ್ಮಲ್ಲಿ ಈ ಕೆಲಸ ಈಗ ಯಾರ ಮೇಲಿದೆ? ಬಹುತೇಕ ಅಂಗನವಾಡಿ ಕಾರ್ಯಕರ್ತೆಯ ಮೇಲೆ. 1975ರ ಅಕ್ಟೋಬರ್ 2ರಂದು ತಿ. ನರಸೀಪುರದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಆಕೆಯ ಕೆಲಸ ಪೂರಕ ಆಹಾರ, ಶಾಲಾಪೂರ್ವ ಶಿಕ್ಷಣ ಮತ್ತು ಆರೋಗ್ಯ ತಿಳಿವಳಿಕೆಯಾಗಿತ್ತು. ಇಂದು ಪೋಷಣ್ ಟ್ರ್ಯಾಕರ್ ಆ್ಯಪ್‌ನಿಂದ ಹಿಡಿದು ಸಮೀಕ್ಷೆಗಳವರೆಗೆ ಎಲ್ಲವೂ ಆಕೆಯದೇ. ಆಕೆ ಪಡೆದ ತರಬೇತಿಯಲ್ಲಿ ಮಗುವಿನ ತೂಕ ನೋಡುವುದಿದೆ, ಹಾಡು ಕಥೆಗಳಿವೆ. ತಿರಸ್ಕೃತ ಅರ್ಜಿಯನ್ನು ಸರಿಪಡಿಸುವುದು ಹೇಗೆ ಎಂಬ ಪಾಠಕ್ಕೆ ಸ್ಥಾನ ಸಿಕ್ಕಿಲ್ಲ. ರಾಜ್ಯವು 2023-24ರ ಬಜೆಟ್‌ನಲ್ಲಿ 4,000 ‘ಕೂಸಿನ ಮನೆ’ಗಳನ್ನು ಘೋಷಿಸಿ, ಗ್ರಾಮಗಳ ಮಹಿಳೆಯರಿಗೆ ಶಿಶು ಆರೈಕೆಯ ತರಬೇತಿ ಕೊಟ್ಟಿತು. ಅದು ಮೆಚ್ಚತಕ್ಕ ಹೆಜ್ಜೆ. ಮಗುವನ್ನು ನೋಡಿಕೊಳ್ಳುವುದನ್ನು ಕಲಿಸಬಲ್ಲ ಸರ್ಕಾರ, ಮಗುವಿನ ಹಕ್ಕಿನ ಹಣವನ್ನು ದೊರಕಿಸುವುದನ್ನೂ ಕಲಿಸಬಲ್ಲದು.

ಸರ್ಕಾರ ಬಿಟ್ಟ ಈ ಖಾಲಿ ಜಾಗವನ್ನು ತುಂಬಿರುವವರು ಮಧ್ಯವರ್ತಿಗಳು. ಇವರನ್ನು ಬೈಯುವುದು ಸುಲಭ. ಆದರೆ ತಾಲ್ಲೂಕು ಕಚೇರಿಯ ಎದುರಿನ ಅಂಗಡಿಯವನಿಗೆ ಯಾವ ಅರ್ಜಿ ಏಕೆ ನಿಂತಿದೆ ಎಂಬುದು ಗೊತ್ತಿರುತ್ತದೆ. ಕುಟುಂಬ ಆತನಿಗೆ ಕೊಡುವುದು ಆ ತಿಳಿವಳಿಕೆಯ ಬೆಲೆ. ಆ ತಿಳಿವಳಿಕೆಯನ್ನು ಸಾರ್ವಜನಿಕ ಸೇವೆಯನ್ನಾಗಿ ಮಾಡುವವರೆಗೆ ಮಧ್ಯವರ್ತಿ ಅಲ್ಲಿಂದ ಕದಲುವುದಿಲ್ಲ.

ಇಂಗ್ಲೆಂಡ್ ಈ ವಿಷಯದಲ್ಲಿ ಕಾನೂನನ್ನೇ ಮಾಡಿದೆ. ಅಲ್ಲಿಯ 2006ರ ಶಿಶುಪಾಲನಾ ಕಾಯ್ದೆಯ 12ನೇ ಸೆಕ್ಷನ್, ಪೋಷಕರಿಗೆ ಮಾಹಿತಿ, ಸಲಹೆ ಮತ್ತು ನೆರವು ಒದಗಿಸುವುದನ್ನು ಸ್ಥಳೀಯ ಸಂಸ್ಥೆಗಳ ಕರ್ತವ್ಯವೆಂದು ಸಾರುತ್ತದೆ. ಅದರ ಫಲವೇ ಕುಟುಂಬ ಮಾಹಿತಿ ಸೇವೆಗಳು. 2025ರ ಸೆಪ್ಟೆಂಬರ್‌ನಿಂದ ಅಲ್ಲಿ ದುಡಿಯುವ, ಅರ್ಹ ಪೋಷಕರ ಒಂಬತ್ತು ತಿಂಗಳು ಮೇಲ್ಪಟ್ಟ ಮಕ್ಕಳಿಗೆ ವರ್ಷದ 38 ವಾರ, ವಾರಕ್ಕೆ 30 ಗಂಟೆಗಳ ಪಾಲನೆಯ ವೆಚ್ಚವನ್ನು ಸರ್ಕಾರ ಭರಿಸುತ್ತಿದೆ. ಆದರೂ ಪೋಷಕರು 11 ಅಂಕಿಗಳ ಸಂಕೇತ ಪಡೆದು, ಪ್ರತಿ ಮೂರು ತಿಂಗಳಿಗೊಮ್ಮೆ ಅರ್ಹತೆಯನ್ನು ಮರುದೃಢೀಕರಿಸಬೇಕು. ಅಷ್ಟು ಸಾಕ್ಷರ ಸಮಾಜಕ್ಕೇ ಸಹಾಯಕರು ಬೇಕಾಗಿದ್ದರೆ, ಯಾದಗಿರಿಯಿಂದ ಬೆಂಗಳೂರಿಗೆ ಬಂದು ಕಟ್ಟಡದ ಶೆಡ್‌ನಲ್ಲಿ ವಾಸಿಸುವ ಕುಟುಂಬಕ್ಕೆ ಬೇಡವೇ?

ಹಾಗಾದರೆ ತರಬೇತಿ ಹೇಗಿರಬೇಕು? ಯೋಜನೆಗಳ ಹೆಸರು, ವರ್ಷ, ಮೊತ್ತಗಳನ್ನು ಪರದೆಯ ಮೇಲೆ ತೋರಿಸಿ ಊಟ ಹಾಕಿ ಕಳಿಸುವ ಕಾರ್ಯಾಗಾರಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅದರ ಬದಲು ಆರು ಕಡತಗಳನ್ನು ಮುಂದಿಟ್ಟು ಪ್ರತಿಯೊಬ್ಬರೂ ಮೊದಲಿಂದ ಕೊನೆಯವರೆಗೆ ಅರ್ಜಿ ಪೂರ್ಣಗೊಳಿಸುವಂತೆ ಮಾಡಬೇಕು. ಅವುಗಳಲ್ಲಿ ಒಂದು ಹೆಸರು ಹೊಂದದ ಕಡತವಾಗಿರಲಿ, ಒಂದು ವಲಸೆ ಕುಟುಂಬದ್ದು, ಒಂದು ತಿರಸ್ಕೃತವಾದದ್ದು ಇರಲಿ. ಎರಡು ದಿನದ ತರಬೇತಿಯ ನಂತರ ಪ್ರತಿ ತಿಂಗಳ ವೃತ್ತ ಸಭೆಯಲ್ಲಿ ಅರ್ಧ ದಿನ ಬಾಕಿ ಪ್ರಕರಣಗಳಿಗೆಂದೇ ಮೀಸಲಾಗಲಿ. ತಿರಸ್ಕಾರದ ಕಾರಣವನ್ನು ತಂತ್ರಾಂಶದಲ್ಲಿ ನೋಡಿ ಹೇಳುವ ಅಧಿಕಾರವುಳ್ಳ ಒಬ್ಬ ಸಿಬ್ಬಂದಿ ಜಿಲ್ಲೆಯಲ್ಲಿ ದೂರವಾಣಿಗೆ ಲಭ್ಯವಿರಲಿ. ಗೋಪ್ಯತೆಯ ಪಾಠವೂ ಅಷ್ಟೇ ಮುಖ್ಯ. ಪ್ರಾಯೋಜಕತ್ವಕ್ಕೆ ಬರುವ ತಾಯಿ ತನ್ನ ಕಾಯಿಲೆಯನ್ನು, ಗಂಡ ಬಿಟ್ಟುಹೋದದ್ದನ್ನು ಹೇಳಿಕೊಳ್ಳಬೇಕಾಗುತ್ತದೆ. ಅದು ಊರ ಮಾತಾದರೆ ಮತ್ತೊಬ್ಬ ತಾಯಿ ಬರುವುದಿಲ್ಲ.

ತರಬೇತಿ ಅಂಗನವಾಡಿಗೆ ಸೀಮಿತವಾಗಬಾರದು. ಮಗುವಿನ ತಂದೆ ತೀರಿಕೊಂಡ ಸುದ್ದಿ ಮೊದಲು ತಲುಪುವುದು ಶಾಲೆಯ ಮುಖ್ಯ ಶಿಕ್ಷಕರಿಗೆ. ಗಂಭೀರ ಕಾಯಿಲೆಯ ತಂದೆತಾಯಿಯರನ್ನು ಕಾಣುವುದು ಆಸ್ಪತ್ರೆಯ ಸಮಾಜ ಕಾರ್ಯಕರ್ತರು. ಗ್ರಾಮ ಒನ್ ಕೇಂದ್ರಗಳ ನಿರ್ವಾಹಕರು, ಆಶಾ ಕಾರ್ಯಕರ್ತೆಯರು, ಕಾನೂನು ಸೇವಾ ಪ್ರಾಧಿಕಾರದ ಸ್ವಯಂಸೇವಕರು ಈಗಾಗಲೇ ಜನರ ನಡುವೆ ಇದ್ದಾರೆ. ಮೈಸೂರಿನ ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಸಂಸ್ಥೆಯಂಥ ಅನುಭವಿ ಸಂಸ್ಥೆ ನಮ್ಮಲ್ಲಿದೆ. ಹೊಸ ಕಟ್ಟಡವಾಗಲಿ ಹೊಸ ಹುದ್ದೆಗಳಾಗಲಿ ಬೇಕಿಲ್ಲ.

ಇದಕ್ಕೆ ಬರಬಹುದಾದ ಪ್ರಬಲ ಆಕ್ಷೇಪ ಒಂದಿದೆ. ದಾರಿಯನ್ನೇ ನೇರಗೊಳಿಸದೆ, ಜಟಿಲ ದಾರಿಯಲ್ಲಿ ನಡೆಸಲು ಮಾರ್ಗದರ್ಶಿಗಳನ್ನು ತಯಾರಿಸುವುದೇಕೆ? ಈ ಮಾತಿನಲ್ಲಿ ಹುರುಳಿದೆ. ಮಾತೃವಂದನಾ ಯೋಜನೆಯಲ್ಲಿ ಆರಂಭದಲ್ಲಿ ಗಂಡನ ಆಧಾರ್ ಕಡ್ಡಾಯವಾಗಿತ್ತು, ನಂತರ ಕೈಬಿಡಲಾಯಿತು. ಸರಳೀಕರಣ ಸಾಧ್ಯ ಎಂಬುದಕ್ಕೆ ಇದೇ ಸಾಕ್ಷಿ. ಆದರೆ ದಾರಿಯಲ್ಲಿ ಕಲ್ಲು ಎಲ್ಲಿದೆ ಎಂದು ಖಚಿತವಾಗಿ ಹೇಳಬಲ್ಲವರು ದಿನವೂ ಜನರನ್ನು ಆ ದಾರಿಯಲ್ಲಿ ಕರೆದೊಯ್ಯುವವರೇ. ಅವರ ಬಾಕಿ ಪ್ರಕರಣಗಳ ಪಟ್ಟಿಯನ್ನು ಕಾರಣಸಹಿತ ಪ್ರತಿ ತ್ರೈಮಾಸಿಕ ಪ್ರಕಟಿಸಿದರೆ ಯಾವ ನಿಯಮ ಕೈಬಿಡಬೇಕೆಂಬುದು ತಾನಾಗಿ ಗೋಚರಿಸುತ್ತದೆ.

ಎರಡನೆಯ ಆಕ್ಷೇಪ, ಹೊರೆ ಹೆಚ್ಚಿರುವವರ ಮೇಲೆ ಮತ್ತೊಂದು ಹೊರೆ ಎಂಬುದು. ನಿಜ, ಬಿಟ್ಟಿಯಾಗಿ ಮಾಡಿಸಿದರೆ ಹೊರೆಯೇ. ಪೂರ್ಣಗೊಂಡ ಪ್ರತಿ ಪ್ರಕರಣಕ್ಕೆ ನಿಗದಿತ ಸಂಭಾವನೆ ಕೊಡಬೇಕು. ಸುಲಭದ ಪ್ರಕರಣಗಳನ್ನಷ್ಟೇ ಆರಿಸಿಕೊಳ್ಳುವ ಅಪಾಯ ತಪ್ಪಿಸಲು ವಲಸೆ ಕುಟುಂಬ, ಪ್ರಾಯೋಜಕತ್ವದಂಥ ಕಷ್ಟದ ಪ್ರಕರಣಗಳಿಗೆ ಹೆಚ್ಚಿನ ದರವಿರಬೇಕು. ಮಗುವಿಗೆ ವರ್ಷಕ್ಕೆ 48,000 ರೂಪಾಯಿ ತಲುಪಿಸುವ ಕೆಲಸಕ್ಕೆ ಕೆಲವು ನೂರು ರೂಪಾಯಿ ಖರ್ಚು ದುಬಾರಿಯಾಗದು.

ಕೊನೆಯದಾಗಿ ಒಂದು ಕಾನೂನಾತ್ಮಕ ಸಲಹೆ. 2011ರ ಸಕಾಲ ಕಾಯ್ದೆ ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಗೊತ್ತುಮಾಡಿ, ದೇಶದ ಗಮನ ಸೆಳೆದಿತ್ತು. ಆದರೆ ಅದರ ಗಡಿಯಾರ ಓಡಲಾರಂಭಿಸುವುದು ಅರ್ಜಿ ಸ್ವೀಕೃತವಾದ ಮೇಲೆ. ‘ದಾಖಲೆ ಸರಿಯಿಲ್ಲ, ನಾಳೆ ಬನ್ನಿ’ ಎಂದು ಬಾಗಿಲಿಂದಲೇ ಹಿಂದಿರುಗಿದ ತಾಯಿ ಆ ಲೆಕ್ಕಕ್ಕೆ ಬರುವುದೇ ಇಲ್ಲ. ಅರ್ಜಿ ಪೂರ್ಣಗೊಳಿಸಲು ನೆರವು ಪಡೆಯುವುದನ್ನೂ ಸಕಾಲದ ಸೇವೆಗಳ ಪಟ್ಟಿಗೆ ಸೇರಿಸಿದರೆ ಆಕೆಗೂ ಒಂದು ಸ್ವೀಕೃತಿ ಸಂಖ್ಯೆ ಸಿಗುತ್ತದೆ. ಎಷ್ಟು ಮಂದಿಗೆ ತರಬೇತಿ ಕೊಟ್ಟೆವು ಎಂಬ ಅಂಕಿ ಇಲಾಖೆಯ ವಾರ್ಷಿಕ ವರದಿಯಲ್ಲಿ ಇರಲಿ, ಅಭ್ಯಂತರವಿಲ್ಲ. ಅದರ ಪಕ್ಕದಲ್ಲಿ, ತರಬೇತಿ ಪಡೆದವರ ಮೂಲಕ ಎಷ್ಟು ಮಕ್ಕಳ ಮನೆಗೆ ಎಷ್ಟು ರೂಪಾಯಿ ತಲುಪಿತು, ಎಷ್ಟು ಅರ್ಜಿ ಯಾವ ಕಾರಣಕ್ಕೆ ನಿಂತಿದೆ ಎಂಬ ಅಂಕಿಗಳೂ ಇರಬೇಕು. ಶಾಸಕರು ಮುಂದಿನ ಬಜೆಟ್ ಅಧಿವೇಶನದಲ್ಲಿ ಕೇಳಬೇಕಾದದ್ದು ಆ ಅಂಕಿಗಳನ್ನು.