ಘಟ್ಟದ ಅಂಚಿನ ಕ್ಯಾಸಲ್‌ರಾಕ್

ದೆಹಲಿಯ ನಿಜಾಮುದ್ದೀನ್ ನಿಲ್ದಾಣದಿಂದ ವಾಸ್ಕೋಗೆ ಹೊರಡುವ ಗೋವಾ ಎಕ್ಸ್‌ಪ್ರೆಸ್ ಪುಣೆ, ಮೀರಜ, ಬೆಳಗಾವಿಗಳನ್ನು ದಾಟಿ ಲೋಂಡಾ ಜಂಕ್ಷನ್ನಿಗೆ ಬರುತ್ತದೆ. ಅಲ್ಲಿ ಹುಬ್ಬಳ್ಳಿಯ ದಾರಿಯನ್ನು ಬಿಟ್ಟು ಪಶ್ಚಿಮಕ್ಕೆ ಹೊರಳುತ್ತದೆ. ಇಕ್ಕೆಲಗಳ ಕಾಡು ದಟ್ಟವಾಗುತ್ತ ಹೋಗಿ, ನೆಲವು ಕೊಂಕಣದ ಕಡೆಗೆ ಕುಸಿಯುವುದಕ್ಕೆ ಸ್ವಲ್ಪ ಮೊದಲು ಗಾಡಿ ಒಂದು ನಿಲ್ದಾಣದಲ್ಲಿ ನಿಲ್ಲುತ್ತದೆ. ಅದೇ ಉತ್ತರ ಕನ್ನಡ ಜಿಲ್ಲೆಯ ಹಿಂದಿನ ಸೂಪಾ, ಇಂದಿನ ಜೋಯಿಡಾ ತಾಲ್ಲೂಕಿಗೆ ಸೇರಿದ ಕ್ಯಾಸಲ್‌ರಾಕ್. ಕಿಟಕಿಯಿಂದ ನೋಡುವವರಿಗೆ ಊರಿಗಿಂತ ರೈಲ್ವೆ ಯಾರ್ಡೇ ದೊಡ್ಡದಾಗಿ ತೋರುತ್ತದೆ. ಇಷ್ಟು ಸಣ್ಣ ಊರಿಗೆ ಇಷ್ಟೊಂದು ಹಳಿಗಳೇಕೆ ಎಂಬ ಪ್ರಶ್ನೆ ಸಹಜವಾದುದು.

ಇದರ ಉತ್ತರ ಒಂದು ಕೊಡುಕೊಳ್ಳುವಿಕೆಯ ಲೆಕ್ಕದಲ್ಲಿದೆ. 1878ರ ಡಿಸೆಂಬರಿನಲ್ಲಿ ಬ್ರಿಟನ್ ಹಾಗೂ ಪೋರ್ಚುಗಲ್ ಸರಕಾರಗಳು ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಬ್ರಿಟಿಷ್ ಇಂಡಿಯಾಕ್ಕೂ ಗೋವೆಗೂ ನಡುವಣ ಸುಂಕದ ಗೋಡೆಯನ್ನು ತೆಗೆಯುವುದು, ಗೋವೆಯ ಉಪ್ಪಿನ ಮೇಲಿನ ಅಧಿಕಾರವನ್ನು ಬ್ರಿಟಿಷರಿಗೆ ಒಪ್ಪಿಸುವುದು, ಅದಕ್ಕೆ ಪ್ರತಿಯಾಗಿ ಗೋವೆಗೆ ವರ್ಷಕ್ಕೆ 4 ಲಕ್ಷ ರೂಪಾಯಿ ಸಲ್ಲಿಸುವುದು ಅದರ ಮುಖ್ಯ ಕರಾರುಗಳು. ಮುರ್ಮಗೋವಾ ಬಂದರನ್ನೂ ಅಲ್ಲಿಂದ ಘಟ್ಟ ಹತ್ತುವ ರೈಲನ್ನೂ ಕಟ್ಟಲು ಲಂಡನ್ನಿನಲ್ಲಿ ಒಂದು ಕಂಪನಿ ಹುಟ್ಟಿತು. ಅದರ ಬಂಡವಾಳದ ಮೇಲಣ ಬಡ್ಡಿಗೆ ಪೋರ್ಚುಗಲ್ ಸರಕಾರವೇ ಜಾಮೀನು ನಿಂತಿತು. ಸಾಲಗಾರನಿಗಿಂತ ಜಾಮೀನುದಾರನೇ ಹೆಚ್ಚು ನಿದ್ದೆಗೆಡುವ ವ್ಯವಹಾರಗಳಲ್ಲಿ ಇದೂ ಒಂದೆನ್ನಬೇಕು. 1887ರಲ್ಲಿ ಸಾವರ್ಡೆಯವರೆಗೂ, 1888ರಲ್ಲಿ ಘಟ್ಟದ ಮೇಲಕ್ಕೂ ಮೀಟರ್‌ಗೇಜ್ ಹಳಿ ಬಂದು, ಸದರ್ನ್ ಮರಾಠಾ ರೈಲ್ವೆಯ ಹಳಿಯನ್ನು ಕೂಡಿಕೊಂಡಿತು. ಹುಬ್ಬಳ್ಳಿ ಸೀಮೆಯ ಹತ್ತಿಗೆ ಸಮುದ್ರದ ದಾರಿ ತೆರೆಯಿತು.

ಆದರೆ ಹನ್ನೆರಡು ವರ್ಷಗಳ ಅವಧಿಯ ಆ ಒಪ್ಪಂದವನ್ನು ಯಾರೂ ನವೀಕರಿಸಲಿಲ್ಲ. 1892ರಲ್ಲಿ ಅದು ಮುಗಿಯಿತು, ಸುಂಕದ ಗೋಡೆ ಮತ್ತೆ ಎದ್ದಿತು. ಗಡಿಯ ಈಚೆಗೆ ಕ್ಯಾಸಲ್‌ರಾಕ್‌ನಲ್ಲಿ ಬ್ರಿಟಿಷರ ತಪಾಸಣೆ, ಘಟ್ಟದ ಬುಡದ ಕುಳೆಯಲ್ಲಿ ಪೋರ್ಚುಗೀಜರ ತಪಾಸಣೆ. ಒಂದೇ ಗಾಡಿಯ ಪ್ರಯಾಣಿಕನು ಒಂದೇ ಗಂಟನ್ನು ಎರಡು ಸಲ ಬಿಚ್ಚಿ ತೋರಿಸಬೇಕಾಯಿತು. ಅಡೆತಡೆಯಿಲ್ಲದ ವ್ಯಾಪಾರವನ್ನು ನಂಬಿ ಕಟ್ಟಿದ ದಾರಿಗೆ ಇದರಿಂದ ಪೆಟ್ಟು ಬಿದ್ದಿತು. 1902ರಲ್ಲಿ ಅದನ್ನು ನಡೆಸುವ ಹೊಣೆಯನ್ನು ಸದರ್ನ್ ಮರಾಠಾ ಕಂಪನಿಯೇ ವಹಿಸಿಕೊಂಡಿತು. ದಾರಿಗೆ ನಷ್ಟ ತಂದ ಅದೇ ಗಡಿ ಊರಿಗೆ ಅನ್ನ ಕೊಟ್ಟಿತೆಂಬುದೇ ಇಲ್ಲಿಯ ವಿಚಿತ್ರ. ಗಾಡಿ ನಿಂತಲ್ಲಿ ಸುಂಕದವರು, ಹಮಾಲರು, ಚಹದಂಗಡಿಯವರು ಸೇರುವುದು ಲೋಕರೂಢಿಯಷ್ಟೆ.

ಗಡಿಯಂತೆಯೇ ಘಟ್ಟವೂ ಗಾಡಿಗಳನ್ನು ನಿಲ್ಲಿಸಿತು. ಕ್ಯಾಸಲ್‌ರಾಕ್‌ನಿಂದ ಕುಳೆಗೆ ಸುಮಾರು 26 ಕಿಲೋಮೀಟರು. ಅಷ್ಟರಲ್ಲಿ ದಾರಿ ಹೆಚ್ಚುಕಡಿಮೆ ಅರ್ಧ ಕಿಲೋಮೀಟರಿನಷ್ಟು ಆಳಕ್ಕೆ ಇಳಿಯುತ್ತದೆ. ಏರಿನ ಪ್ರಮಾಣ 37 ಅಡಿಗೆ ಒಂದು ಅಡಿ. ಸುರಂಗಗಳ ನಡುವೆ, ದೂಧಸಾಗರ ಜಲಪಾತದ ಮೈಯನ್ನೇ ಸವರಿ ಹೋಗುವ ಈ ದಾರಿಯಲ್ಲಿ ಒಂಟಿ ಎಂಜಿನ್ನಿಗೆ ಭಾರದ ಗಾಡಿ ಏರದು. ಹಿಂದಿನಿಂದ ನೂಕಲು ಬೇರೆ ಎಂಜಿನುಗಳು ಬೇಕು. ರೈಲ್ವೆಯವರು ಅವನ್ನು ‘ಬ್ಯಾಂಕರ್’ ಎಂದು ಕರೆಯುತ್ತಾರೆ. ಏರುವವನಿಗೆ ಹಿಂದಿನಿಂದ ಆಸರೆ ಕೊಡುವವನು ಬ್ಯಾಂಕರ್ ಎಂಬುದು ಬ್ಯಾಂಕಿನ ನೌಕರರಿಗೆ ಹಿತವಾದ ಅರ್ಥವೇ ಸರಿ. ಇಳಿಯುವಾಗಲೂ ಹೆಚ್ಚಿನ ಎಂಜಿನುಗಳು ಬೇಕು, ಏಕೆಂದರೆ ಅಲ್ಲಿ ಎಳೆಯುವುದಕ್ಕಿಂತ ಹಿಡಿದು ನಿಲ್ಲಿಸುವುದೇ ಕಷ್ಟ. ಹಿಡಿತ ತಪ್ಪಿದ ಗಾಡಿಯನ್ನು ಪಕ್ಕಕ್ಕೆ ತಿರುಗಿಸಿ ತಡೆಯಲು ದಾರಿಯಲ್ಲಿ ಪ್ರತ್ಯೇಕ ಹಳಿಗಳೂ ಉಂಟು. ಉಗಿಬಂಡಿಗಳ ಕಾಲದಲ್ಲಿ ಇಷ್ಟು ಎಂಜಿನುಗಳಿಗೆ ಕಲ್ಲಿದ್ದಲು, ನೀರು, ದುರಸ್ತಿ, ಸರದಿಯಂತೆ ಆಳುಗಳು ಎಂದರೆ ಯಾರ್ಡು ಬೆಳೆಯದೆ ಇನ್ನೇನು?

1946ರ ಸೆಪ್ಟೆಂಬರಿನಲ್ಲಿ ರಾಮಮನೋಹರ ಲೋಹಿಯಾ ಅವರು ಎರಡನೆಯ ಸಲ ಗೋವೆಯನ್ನು ಹೊಕ್ಕಾಗ ಪೋರ್ಚುಗೀಜರು ಅವರನ್ನು ಹಿಡಿದುದು ಕುಳೆಯ ನಿಲ್ದಾಣದಲ್ಲಿಯೇ. 1955ರ ಆಗಸ್ಟ್ 15ರಂದು ಗೋವೆಯೊಳಕ್ಕೆ ನಡೆದ ಸತ್ಯಾಗ್ರಹಿಗಳಲ್ಲಿ ಕ್ಯಾಸಲ್‌ರಾಕ್ ಕಡೆಯಿಂದ ಹಳಿಗುಂಟ ಹೊರಟವರೂ ಇದ್ದರು. ಆ ದಿನ ಗಡಿಯಲ್ಲಿ ಗುಂಡು ಹಾರಿ ಹಲವರು ಮಡಿದರು. ಆ ವರ್ಷವೇ ಗಡಿಯ ರೈಲು ಸಂಚಾರ ನಿಂತುಹೋಯಿತು. ಸಾಗರಕ್ಕೆ ಹೋಗುವ ದಾರಿ ಕ್ಯಾಸಲ್‌ರಾಕ್‌ನಲ್ಲಿಯೇ ಕೊನೆಗೊಂಡಿತು.

1961ರ ಡಿಸೆಂಬರ್ 19ರಂದು ಗೋವೆ ವಿಮೋಚನೆಗೊಂಡ ಬಳಿಕ ಗಾಡಿಗಳು ಮತ್ತೆ ಓಡಿದವು. ಗೋವೆಗೆ ದುಡಿಮೆಗಾಗಿ ಹೋದ ಬಯಲುಸೀಮೆಯ ಕನ್ನಡಿಗರ ಸಂಸಾರಗಳು ಇದೇ ದಾರಿಯಲ್ಲಿ ಇಳಿದವು. ಆದರೆ ಗಡಿ ಅಳಿದ ಮೇಲೆ ಗಂಟು ಬಿಚ್ಚಿಸುವವರಿಗೆ ಕೆಲಸವೆಲ್ಲಿ? 1990ರ ದಶಕದಲ್ಲಿ ಮೀಟರ್‌ಗೇಜ್ ಹೋಗಿ ಬ್ರಾಡ್‌ಗೇಜ್ ಬಂದಿತು. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾಗಿ, ಮುಂಬಯಿಯವರಿಗೆ ಗೋವೆಗೆ ಘಟ್ಟ ಹತ್ತಿ ಇಳಿಯುವ ಅಗತ್ಯವೇ ಉಳಿಯಲಿಲ್ಲ. ಈ ಹಳಿಯನ್ನು ಜೋಡಿಯಾಗಿಸುವ ಯೋಜನೆಗೆ ವನ್ಯಜೀವಿ ಮಂಡಳಿ ಕೊಟ್ಟಿದ್ದ ಒಪ್ಪಿಗೆಯನ್ನು 2022ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ರದ್ದುಪಡಿಸಿತು. ಊರಿನ ಸುತ್ತಣ ಕಾಡಿನ ದೃಷ್ಟಿಯಿಂದ ಅದು ಸರಿಯಾದ ತೀರ್ಪು.

ಸುಂಕದವರು ಹೋದರು, ಉಗಿಬಂಡಿಗಳೂ ಹೋದವು. ಘಟ್ಟ ಮಾತ್ರ ಅಲ್ಲಿಯೇ ಇದೆ. ಮುರ್ಮಗೋವಾದಿಂದ ಬಳ್ಳಾರಿ ಸೀಮೆಯ ಉಕ್ಕಿನ ಕಾರ್ಖಾನೆಗೆ ಕಲ್ಲಿದ್ದಲು ಹೊತ್ತ ಗಾಡಿಗಳನ್ನು ಬ್ಯಾಂಕರ್ ಎಂಜಿನುಗಳು ಹಿಂದಿನಿಂದ ನೂಕಿ ಕ್ಯಾಸಲ್‌ರಾಕ್‌ಗೆ ತಲುಪಿಸುತ್ತವೆ. ಅಲ್ಲಿ ಕೊಂಡಿ ಕಳಚಿಕೊಂಡು, ಮುಂದಿನ ಗಾಡಿಯ ಸರದಿಗಾಗಿ ಮತ್ತೆ ಘಟ್ಟ ಇಳಿಯುತ್ತವೆ.